ಟೀ ಸುರಿಯುವ ಮೊದಲು

ರಾಜಾಜಿನಗರದ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಲೇತ್ ಮೆಷಿನ್, ನಾನು ಅಣ್ಣ ಎಂದು ಕರೆಯುತ್ತಿದ್ದ ಹಿರಿಯರೊಬ್ಬರದು. ಕಬ್ಬಿಣದ ಚೂರು ಸಿಡಿದು ಅವರ ಒಂದು ಕಣ್ಣು ಹೋಯಿತು. ಗಾಯ ಮಾಗಿ ಕೆಲಸಕ್ಕೆ ಬಂದ ದಿನವೇ ಫ್ಲಾಸ್ಕಿನ ಟೀಯನ್ನು ಲೋಟ ಬಿಟ್ಟು ನನ್ನ ಕೈಮೇಲೆ ಸುರಿದರು. ದೂರ ಎಷ್ಟೆಂಬುದೇ ತಿಳಿಯುತ್ತಿರಲಿಲ್ಲ.

"ಇವರನ್ನ ಮೆಷಿನ್ ಹತ್ರ ಹೆಂಗೆ ಬಿಡ್ಲಿ?" ಎಂದರು ಮಾಲೀಕರು.

"ಒಂದೇ ಕಣ್ಣಲ್ಲಿ ನೋಡೋದನ್ನ ತಲೆ ಕಲೀಬೇಕಲ್ವಾ ಸಾರ್? ಸ್ವಲ್ಪ ಟೈಮ್ ಕೊಡಿ" ಎಂದರು ಅಣ್ಣ.

ಅಂದಿನಿಂದ ಟೀ ಹಂಚುವ ಕೆಲಸವನ್ನು ತಾವೇ ಹಿಡಿದರು. ಸುರಿಯುವ ಮೊದಲು ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಿದ್ದರು. ಹಾಗೆ ಆಡಿಸಿದರೆ ಹತ್ತಿರದ ಲೋಟ ಹೆಚ್ಚು ಸರಿದಂತೆಯೂ ಹಿಂದಿನ ಗೋಡೆ ಕಡಿಮೆ ಸರಿದಂತೆಯೂ ಕಾಣುತ್ತದೆ. ಅದರಿಂದಲೇ ದೂರದ ಲೆಕ್ಕ.

"ಏನಣ್ಣ, ಕೋಳಿ ಥರ?" ಎಂದೆ ನಾನು.

"ಕೋಳಿ ಯಾವತ್ತಾದ್ರೂ ಕಾಳು ತಪ್ಸುತ್ತೇನೋ? ಸುಮ್ನೆ ಲೋಟ ಹಿಡಿ."

ಕೊನೆಗೊಂದು ದಿನ ಫ್ಲಾಸ್ಕನ್ನು ಎತ್ತರಕ್ಕೆ ಹಿಡಿದು ಮಾಲೀಕರ ಲೋಟಕ್ಕೆ ಸುರಿದರು. ಹನಿಯೂ ಚೆಲ್ಲಲಿಲ್ಲ. ಮಾಲೀಕರು ಟೀ ಮುಗಿಸಿ, "ನಾಳೆಯಿಂದ ಮೆಷಿನ್ ಹಿಡೀರಿ" ಎಂದರು.

ಅವರು ತೀರಿಕೊಂಡು ವರ್ಷವಾಯಿತು. ಮೊನ್ನೆ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಲ್ಲಿ, ಎಸ್ಕಲೇಟರ್ ಮುಂದೆ ಒಬ್ಬರು ನಿಂತು ಹಾಗೆಯೇ ತಲೆಯನ್ನು ಅತ್ತಿತ್ತ ಆಡಿಸಿದರು. "ಅಣ್ಣಾ!" ಎಂದು ಕೂಗಿಯೇಬಿಟ್ಟೆ. ತಿರುಗಿದವರು ಬೇರೆ ಯಾರೋ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡಿಗೆ ತಲೆದೂಗುತ್ತಿದ್ದರು, ಅಷ್ಟೆ.

ನನ್ನ ಎರಡು ಕಣ್ಣೂ ಚೆನ್ನಾಗಿವೆ. ಅವರನ್ನು ಮಣ್ಣು ಮಾಡಿದ್ದನ್ನು ನೋಡಿದವೂ ಇವೇ. ತಲೆಗೆ ಮಾತ್ರ ಇನ್ನೂ ಸ್ವಲ್ಪ ಟೈಮ್ ಕೊಡಬೇಕು.