ಅಡುಗೆಮನೆ ಹಾದು ಹೊಳೆಗೆ ಹೋಗುವ ಹಗ್ಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ದನೆಯ ಓಣಿಯ ಒಂದು ತುದಿಯಲ್ಲಿ ಮರದ ರಾಟೆ ಗಿರಗಿರನೆ ತಿರುಗುತ್ತಿದೆ. ಅದರ ಕೊಕ್ಕೆಗೆ ಸಿಕ್ಕಿಸಿದ ಕತ್ತಾಳೆ ನಾರಿನ ಎಳೆ ಹಿಡಿದು, ಸೊಂಟದ ಸುತ್ತ ನಾರಿನ ಹೊರೆ ಕಟ್ಟಿಕೊಂಡು, ಎಂಬತ್ತು ದಾಟಿದ ಹೆಂಗಸೊಬ್ಬರು ಹಿಂದಕ್ಕೆ ನಡೆಯುತ್ತಿದ್ದಾರೆ. ಬೆನ್ನು ಹೋಗಬೇಕಾದ ಕಡೆಗೆ, ಮುಖ ಬಿಟ್ಟು ಬಂದ ಕಡೆಗೆ. ಬೆರಳುಗಳು ಹೊರೆಯಿಂದ ನಾರನ್ನು ಇಷ್ಟಿಷ್ಟೇ ಬಿಡುತ್ತವೆ, ರಾಟೆ ಅದನ್ನು ಹೊಸೆಯುತ್ತದೆ. ಚರಂಡಿಯ ಚಪ್ಪಡಿ, ದೀಪದ ಕಂಬ, ದಾರಿಯಲ್ಲಿ ಮಲಗಿದ ನಾಯಿ ಯಾವುದನ್ನೂ ಅವರು ತಿರುಗಿ ನೋಡುವುದಿಲ್ಲ. ನಾಯಿಯೇ ಎದ್ದು ಮೈಮುರಿದು ಜಾಗ ಬಿಡುತ್ತದೆ.

ಓಣಿ ಮುಗಿಯುವುದು ದರ್ಜಿಯ ಮನೆಯ ಎದುರು. ಅವರ ನಡಿಗೆ ಅಲ್ಲಿಗೆ ಮುಗಿಯುವುದಿಲ್ಲ. ತೆರೆದ ಬಾಗಿಲಿನೊಳಕ್ಕೆ ಬೆನ್ನು ಮಾಡಿಯೇ ಹೊಗುತ್ತಾರೆ. ನಡುಮನೆಯಲ್ಲಿ ಹಾಸಿಗೆಯ ಮೇಲೆ ಕುಳಿತ ಮುದಿ ದರ್ಜಿ ಕಾಲು ಮೇಲೆತ್ತಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಅವರ ಸೊಸೆ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಹಿಂಬಾಗಿಲು ದಾಟಿ, ಹಿತ್ತಲಿನ ಬೇಲಿ ಬೆನ್ನಿಗೆ ತಾಗಿದಾಗ, ಊರು ಹಗ್ಗದಮ್ಮ ಎಂದೇ ಕರೆಯುವ ಈ ಹೆಂಗಸು ನಿಲ್ಲುತ್ತಾರೆ. ಎಳೆಯನ್ನು ಒಮ್ಮೆ ಜಗ್ಗುತ್ತಾರೆ. ಅಷ್ಟು ದೂರದಲ್ಲಿ, ಕಣ್ಣಿಗೆ ಕಾಣದ ಕಡೆ, ರಾಟೆ ನಿಲ್ಲುತ್ತದೆ.

ರಾಟೆ ತಿರುಗಿಸುವುದು ಅವರ ನಾದಿನಿ. ವಯಸ್ಸಿನಲ್ಲಿ ನಾಲ್ಕೈದು ವರ್ಷ ಚಿಕ್ಕವರು, ಬಾಯಲ್ಲಿ ದೊಡ್ಡವರು. ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಊರೆಲ್ಲ ಹೇಳುತ್ತದೆ; ಆದರೂ ಅರುವತ್ತು ವರ್ಷದಿಂದ ಒಂದೇ ಎಳೆಯ ಎರಡು ತುದಿ ಹಿಡಿದಿದ್ದಾರೆ. “ಒಂದು ಸಲ ಜಗ್ಗಿದ್ರೆ ನಿಲ್ಲಿಸು ಅಂತ. ಎರಡು ಸಲ ಜಗ್ಗಿದ್ರೆ ನಿಧಾನ ಅಂತ” ಎಂದು ನಾದಿನಿ ವಿವರಿಸುತ್ತಾರೆ. ಮೂರು ಸಲ ಜಗ್ಗಿದರೆ? “ಬೈತಾ ಇದಾರೆ ಅಂತ. ದಿನಾ ಒಂದು ಸಲ ಜಗ್ಗೇ ಜಗ್ತಾರೆ.”

ಉಳಿದ ದಿನಗಳಲ್ಲಿ ಇಷ್ಟು ದೂರ ನಡೆಯುವ ಅಗತ್ಯವಿಲ್ಲ. ಬಾವಿಯ ಹಗ್ಗ, ದನದ ಕಣ್ಣಿ, ಮಂಚದ ಹುರಿ, ಮೂಟೆ ಕಟ್ಟುವ ದಾರ ಇವಕ್ಕೆಲ್ಲ ಓಣಿಯ ಉದ್ದ ಧಾರಾಳ. ಕೆಲಸಕ್ಕೆ ಬರುವ ಇಬ್ಬರು ಹೆಂಗಸರನ್ನೂ ಸೇರಿಸಿಕೊಂಡು ದಿನಕ್ಕೆ ಇಪ್ಪತ್ತು ಸುರುಳಿಯಷ್ಟು ಹೊಸೆಯುತ್ತಾರೆ. ಪೇಟೆ ಏಳುವ ಮುಂಚೆ ಓಣಿಯ ಕೆಲಸ, ಆಮೇಲೆ ಹಗ್ಗ ಮಾರುವ ಕೆಲಸ. ವರ್ಷಕ್ಕೊಂದು ವಾರ ಮಾತ್ರ ಹೊಳೆಯ ಹಗ್ಗ. ಹೊಳೆಯ ಈ ದಡದಿಂದ ಆ ದಡಕ್ಕೆ ಬಿಗಿದ ಒಂದೇ ಹಗ್ಗವನ್ನು ಹಿಡಿದು ಅಂಬಿಗ ದೋಣಿ ಎಳೆಯುತ್ತಾನೆ. ಅಷ್ಟುದ್ದದ ಹಗ್ಗಕ್ಕೆ ಅದಕ್ಕಿಂತ ಉದ್ದದ ಎಳೆ ಬೇಕು, ಯಾಕೆಂದರೆ ಹೊಸೆದಷ್ಟೂ ಅದು ಕುಗ್ಗುತ್ತದೆ. ಹಾಗಾಗಿ ಆ ವಾರ ಹಗ್ಗ ದರ್ಜಿಯ ಮನೆಯೊಳಗೆ ಹಾಯುತ್ತದೆ.

ತುಂಡು ತುಂಡು ಮಾಡಿ ಜೋಡಿಸಬಹುದಲ್ಲ ಎಂದು ಕೇಳಿದರೆ, ಹಗ್ಗ ಒಯ್ಯಲು ಬಂದು ಜಗುಲಿಯಲ್ಲಿ ಕುಳಿತ ಅಂಬಿಗ ನಗುತ್ತಾನೆ. “ನಮ್ಮಪ್ಪನ ಕಾಲದಲ್ಲಿ ಜೋಡಿಸಿದ್ರು. ಜೋಡಿಸಿದ್ದು ಹಗ್ಗದಮ್ಮನೇ. ಅವಾಗ ಇನ್ನೂ ಹುಡುಗಿ. ಗಂಟು ಹೋಗಿ ದೋಣಿಯಲ್ಲಿ ಹಗ್ಗ ಹಾಯೋ ಗಾಲಿಗೆ ಸಿಕ್ಕೊಂತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ತುಂಬಿದ ಹೊಳೆ ನಡುವೆ ಜನ ಸಂಜೆವರೆಗೂ ಕೂತಿದ್ರು. ಈ ಯಮ್ಮ ಸುದ್ದಿ ಕೇಳಿ ಓಡಿ ಬಂದು, ಚಿಕ್ಕ ಬುಟ್ಟಿದೋಣಿ ಹತ್ತಿ, ಹಲ್ಲಲ್ಲಿ ಚಾಕು ಕಚ್ಕೊಂಡು ಹೋದ್ರಂತೆ. ಗಂಟು ಬಿಡಿಸಿ ಎಲ್ಲರನ್ನೂ ದಡಕ್ಕೆ ಸೇರಿಸಿ, ಆಮೇಲೆ ನಮ್ಮಪ್ಪನಿಗೇ ಬೈದ್ರಂತೆ, ಗಾಲಿಗೆ ಎಣ್ಣೆ ಹಾಕಿಲ್ಲ ಅಂತ.” ಅಂದಿನಿಂದ ಹೊಳೆಯ ಹಗ್ಗಕ್ಕೆ ಜೋಡಣೆಯಿಲ್ಲ. ನೈಲಾನು ಬಂದ ಹೊಸತರಲ್ಲಿ ಅಂಬಿಗ ಅದನ್ನೂ ಕಟ್ಟಿ ನೋಡಿದ. ಒದ್ದೆ ಅಂಗೈಯಲ್ಲಿ ಜಾರುತ್ತದೆ, ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ ಎಂದು ಬಿಚ್ಚಿ ಹಾಕಿದ.

ಹಗ್ಗದಮ್ಮ ಈ ಓಣಿಗೆ ಸೊಸೆಯಾಗಿ ಬಂದಾಗ ರಾಟೆ ಅವರ ಮಾವನದು. ಗಂಡನಿಗೆ ನಾರಿನ ದೂಳು ಆಗುತ್ತಿರಲಿಲ್ಲ. ಓಣಿಗೆ ಇಳಿದರೆ ಕೆಮ್ಮು ಹಿಡಿದು ಕೂರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಗಂಡ ಒಲೆಯ ಮುಂದೆ ಕುಳಿತರು, ಹೆಂಡತಿ ಸೊಂಟಕ್ಕೆ ನಾರು ಕಟ್ಟಿಕೊಂಡರು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. “ಅವರ ಕೈ ಅಡುಗೆ ತಿಂದವರು ಯಾರೂ ನಕ್ಕಿಲ್ಲ ಬಿಡಿ” ಎನ್ನುತ್ತಾರೆ ಹಗ್ಗದಮ್ಮ. “ನಾನು ಮಾಡಿದ್ದು ತಿಂದಿದ್ರೆ ಅವಾಗ ನಗೋ ಬದಲು ಅಳ್ತಿದ್ರು.”

ಹೊಸೆದರಷ್ಟೇ ಸಾಕೇ, ಮಾರಬೇಕಲ್ಲ. ಸುರುಳಿಗಳನ್ನು ಹೆಗಲಿಗೇರಿಸಿಕೊಂಡು ಅವರೇ ಪೇಟೆಗೆ ಹೋದರು. ಹೆಂಗಸು ಹೊಸೆದ ಹಗ್ಗ ಎಷ್ಟು ಭಾರ ತಡೆದೀತು ಎಂದು ಮಂಡಿಯ ಸಾಹುಕಾರ ನಾಲ್ಕು ಜನರ ಮುಂದೆ ಕೇಳಿದ. ಸಾಹುಕಾರ ಮೈಕೈ ತುಂಬಿಕೊಂಡ ಆಸಾಮಿ. ಹಗ್ಗದಮ್ಮ ಅವನದೇ ಅಂಗಡಿಯ ತೊಲೆಗೆ ಹಗ್ಗ ಬಿಗಿದು, ಮೂಟೆ ಎತ್ತುವ ಹಲಗೆ ಕಟ್ಟಿ, “ಕೂತ್ಕೊಳಿ ಸಾಹುಕಾರ್ರೆ, ನೋಡೇ ಬಿಡೋಣ” ಎಂದರು. ಜನ ಸೇರಿದ ಮೇಲೆ ಕೂರದೆ ಅವನಿಗೆ ದಾರಿಯಿರಲಿಲ್ಲ. ಮಡಿಲಿಗೊಂದು ಅಕ್ಕಿ ಮೂಟೆಯನ್ನೂ ಇಟ್ಟರು. “ತೊಲೆ ಕಿರ್ ಅಂತು, ಸಾಹುಕಾರ ಅಯ್ಯೋ ಅಂದ. ಹಗ್ಗ ಏನೂ ಅನ್ನಲಿಲ್ಲ” ಎಂದು ನಾದಿನಿ ಇಂದಿಗೂ ಆ ತೊಲೆಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಸಾಹುಕಾರ ಸಾಯುವತನಕ ಬೇರೆಯವರ ಹಗ್ಗ ಕೊಳ್ಳಲಿಲ್ಲ.

ಓಣಿಯ ಕೊನೆಯ ನಿವೇಶನವೂ ಆಗ ಹಗ್ಗದಮ್ಮನದೇ. ಗಂಡನ ಔಷಧಿಗೆಂದು ಅದನ್ನು ದರ್ಜಿಗೆ ಮಾರುವಾಗ ಒಂದೇ ಒಂದು ಮಾತು ತೆಗೆದುಕೊಂಡರು: ಮನೆಯ ಮುಂಬಾಗಿಲು, ಹಿಂಬಾಗಿಲು ಓಣಿಯ ನೇರಕ್ಕೇ ಇರಬೇಕು. ದರ್ಜಿ ದಾರ ಹಿಡಿದು ನೇರ ನೋಡಿಯೇ ಬಾಗಿಲು ಇಡಿಸಿದರು. ಹಿಂಬಾಗಿಲಿಗೆ ಹೊಸ್ತಿಲನ್ನೂ ಇಡಿಸಲಿಲ್ಲ. ಅದು ಕೊಟ್ಟ ಮಾತು, ಬರೆದ ಮಾತಲ್ಲ. ಈಗ ಆ ಮನೆ ಸೋರುತ್ತಿದೆ. ಮಗ, ಸೊಸೆ ಇಬ್ಬರ ದುಡಿಮೆಯಲ್ಲಿ ಬರುವ ತಿಂಗಳು ಅದನ್ನು ಕೆಡವಿ ಹೊಸದು ಕಟ್ಟುತ್ತಾರೆ. ಮೇಸ್ತ್ರಿಯ ನಕ್ಷೆಯಲ್ಲಿ ಹಿಂಬಾಗಿಲಿನ ಜಾಗದಲ್ಲಿ ಗೋಡೆಯಿದೆ. ಆ ಗೋಡೆ ಎದ್ದರೆ ಹೊಳೆಯ ಹಗ್ಗ ಇದೇ ಕೊನೆ. ಊರಿನಲ್ಲಿ ಇಷ್ಟುದ್ದದ ನೇರ ದಾರಿ ಇನ್ನೊಂದಿಲ್ಲ.

“ಮಾತು ಕೊಟ್ಟವನು ನಾನು, ಮನೆ ಕಟ್ಟೋರು ಅವರು” ಎಂದು ದರ್ಜಿ ತಲೆ ತಗ್ಗಿಸುತ್ತಾರೆ. ಸೊಸೆ ತಲೆ ತಗ್ಗಿಸುವವಳಲ್ಲ. “ಅಜ್ಜಿ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ವಾರ ಪೂರ್ತಿ ಹಾಲಲ್ಲಿ ನಾರು, ಅನ್ನದಲ್ಲಿ ನಾರು. ಎರಡು ಕಡೆ ಬಾಗಿಲು ತೆಗೆದಿಟ್ರೆ ಒಲೆ ಉರಿ ನಿಲ್ಲಲ್ಲ. ಇದು ಅಡುಗೆಮನೆನೋ, ಬಸ್ ಸ್ಟ್ಯಾಂಡೋ?” ಅವಳ ಮಾತಿನಲ್ಲಿ ಸುಳ್ಳಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವರು ಹಗ್ಗದಮ್ಮ.

ಇಂದು ವಾರದ ಕೊನೆಯ ದಿನ. ಬಿಸಿಲೇರುವ ಹೊತ್ತಿಗೆ ಮೂರು ದಪ್ಪ ಹುರಿಗಳು ರಾಟೆಯಿಂದ ಹಿತ್ತಲಿನವರೆಗೆ ಬಿಗಿದು ನಿಂತಿವೆ. ಅವುಗಳ ತುದಿಯನ್ನು ಕಲ್ಲು ಹೇರಿದ ಹಲಗೆಯೊಂದಕ್ಕೆ ಕಟ್ಟಿದ್ದಾರೆ. ಮೂರು ಗೀರು ಕೊರೆದ ಮರದ ತುಂಡನ್ನು ಹುರಿಗಳ ನಡುವೆ ಹಿಡಿದು ಹಗ್ಗದಮ್ಮ ಬೇಲಿಯಿಂದ ಹೊರಡುತ್ತಾರೆ. ಈ ಬಾರಿ ಮುಂದಕ್ಕೆ. ಅವರ ಬೆನ್ನ ಹಿಂದೆ ಮೂರು ಹುರಿಗಳು ಒಂದನ್ನೊಂದು ತಬ್ಬಿಕೊಂಡು ಅಂಗೈ ತುಂಬುವಷ್ಟು ದಪ್ಪದ ಹಗ್ಗವಾಗುತ್ತವೆ. ಹಗ್ಗ ಕುಗ್ಗಿದಂತೆಲ್ಲ ಕಲ್ಲಿನ ಹಲಗೆ ಯಾರೂ ಮುಟ್ಟದೆ ನೆಲದ ಮೇಲೆ ತೆವಳುತ್ತದೆ; ಹಿತ್ತಲು ದಾಟಿ, ಹೊಸ್ತಿಲಿಲ್ಲದ ಬಾಗಿಲಿನಿಂದ ಒಳಗೆ ಬರುತ್ತದೆ. ನೋಡುತ್ತಾ ನಿಂತವರಿಗೆ ಮೈ ಜುಮ್ಮೆನ್ನುತ್ತದೆ. ಸೊಸೆ ಮಾತ್ರ ಬಿಂದಿಗೆ ಪಕ್ಕಕ್ಕೆ ಸರಿಸುತ್ತಾ, “ನನ್ನ ಅಡುಗೆಮನೆಗೆ ಕಲ್ಲು ತಾನಾಗೇ ನಡ್ಕೊಂಡು ಬರುತ್ತೆ ಅಂದ್ರೆ ತವರಲ್ಲಿ ಯಾರೂ ನಂಬಲ್ಲ” ಎನ್ನುತ್ತಾಳೆ.

ಅಂಬಿಗನ ಗಾಡಿಗೆ ಹಗ್ಗ ಏರಿಸುವ ಹೊತ್ತಿಗೆ ಮೇಸ್ತ್ರಿ ಬರುತ್ತಾನೆ. ದರ್ಜಿಯ ಅಂಗಳದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಮನೆಯ ಗೆರೆ ಎಳೆಯುತ್ತಾನೆ. ಹಗ್ಗದಮ್ಮ ಜಗುಲಿಯಲ್ಲಿ ಕುಳಿತು, ಕೈಯ ನಾರು ಕೊಡವುತ್ತಾ ನೋಡುತ್ತಾರೆ. ಬಾಗಿಲಿನ ಮಾತೆತ್ತುವುದಿಲ್ಲ.

“ಒಲೆ ಎಲ್ಲಿ ಬೇಕಮ್ಮ ನಿಂಗೆ?” ಎಂದು ಸೊಸೆಯನ್ನು ಕೇಳುತ್ತಾರೆ.

“ಅಲ್ಲೇ ಹಾಕಿದೀನಲ್ಲ, ಮೂಲೆಗೆ” ಎನ್ನುತ್ತಾನೆ ಮೇಸ್ತ್ರಿ.

“ನೀನು ಬೇಯಿಸ್ತೀಯೇನಪ್ಪ? ಅವಳನ್ನ ಕೇಳಿದ್ದು ನಾನು.”

ಮನೆಯ ನಕ್ಷೆಗೆ ಗಂಡ, ಮಾವ, ಮೇಸ್ತ್ರಿ ತಿಂಗಳಿನಿಂದ ತಲೆ ಕೆಡಿಸಿಕೊಂಡಿದ್ದಾರೆ; ಈ ಪ್ರಶ್ನೆ ಯಾರಿಗೂ ಹೊಳೆದಿಲ್ಲ. ಸೊಸೆ ಮೇಸ್ತ್ರಿಯ ಸೀಮೆಸುಣ್ಣ ತೆಗೆದುಕೊಂಡು ಕುಕ್ಕರಗಾಲಿನಲ್ಲಿ ಕೂರುತ್ತಾಳೆ. ಕಿಟಕಿ ಬೆಳಗಿನ ಬಿಸಿಲಿನ ಕಡೆ ಬೇಕು, ಒಲೆ ಅದರ ಕೆಳಗೆ. ಪಾತ್ರೆ ತೊಳೆಯುವ ಜಾಗ ಪಕ್ಕದಲ್ಲೇ ಇರಬೇಕು. ಒಳಬರಲು ಒಂದೇ ಬಾಗಿಲು. ಅವಳು ಗೆರೆ ಎಳೆಯುತ್ತಾ ಹೋದಂತೆ ಅಡುಗೆಮನೆ ಪೂರ್ತಿ ಬಿಸಿಲಿನ ಕಡೆಗೆ ಸರಿಯುತ್ತದೆ. ನಡುಮನೆಗೂ ಅದಕ್ಕೂ ಮಧ್ಯೆ ಉದ್ದಕ್ಕೆ ಒಂದು ಕಿರಿದಾದ ಜಾಗ ಖಾಲಿ ಉಳಿಯುತ್ತದೆ, ಅಂಗಳದಿಂದ ಹಿತ್ತಲಿನವರೆಗೆ.

“ಈ ಸಂದು ದಂಡವಾಗುತ್ತಲ್ಲ” ಎಂದು ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ.

ಸೊಸೆ ಆ ಸಂದನ್ನು ನೋಡುತ್ತಾಳೆ, ಓಣಿಯನ್ನು ನೋಡುತ್ತಾಳೆ, ಮತ್ತೆ ಹಗ್ಗದಮ್ಮನನ್ನು. “ಅಜ್ಜಿ, ನನ್ನ ಒಲೆಗೆ ಜಾಗ ಮಾಡಿಸಿದ್ರೋ, ನಿಮ್ಮ ಹಗ್ಗಕ್ಕೆ ಮಾಡ್ಕೊಂಡ್ರೋ?”

“ಗೆರೆ ಎಳೆದವಳು ನೀನು. ನಾನು ಕೂತ ಕಡೆಯಿಂದ ಎದ್ದಿಲ್ಲ.”

ರಾಟೆ ಬಿಚ್ಚಿಟ್ಟು ಓಣಿಯ ಆ ತುದಿಯಿಂದ ಬಂದ ನಾದಿನಿ, “ಸಾಹುಕಾರನ ಗತಿಯೇ ಆಯ್ತು ನೋಡು ನಿಂದೂ” ಎಂದು ಕಿಸಕ್ಕನೆ ನಗುತ್ತಾರೆ. ಸೊಸೆಗೂ ನಗು ತಡೆಯಲಾಗುವುದಿಲ್ಲ. ಆದರೂ ಪಟ್ಟು ಸಡಿಲಿಸದೆ ಹೇಳುತ್ತಾಳೆ: “ವರ್ಷಕ್ಕೆ ಒಂದು ವಾರ. ಅಷ್ಟೇ. ಸಂದಿನ ಎರಡೂ ಬಾಗಿಲ ಬೀಗದಕೈ ನನ್ನ ಹತ್ರ ಇರುತ್ತೆ. ನಾರು ಗುಡಿಸೋಕೆ ನಿಮ್ಮ ನಾದಿನಿ ಬರಬೇಕು.”

“ಬರ್ತಾಳೆ” ಎನ್ನುತ್ತಾರೆ ಹಗ್ಗದಮ್ಮ, ನಾದಿನಿಯನ್ನು ಕೇಳದೆಯೇ.

ದರ್ಜಿ ಒಳಗಿನಿಂದ ಬಂದು, ಗೆರೆಯನ್ನೊಮ್ಮೆ ನೋಡಿ, ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಾರೆ. ಮೇಸ್ತ್ರಿ ಅಳತೆಪಟ್ಟಿ ಬಿಚ್ಚಿಕೊಂಡು, ಸಂದು ಎಷ್ಟು ಅಗಲ ಬೇಕೆಂದು ಹಗ್ಗದಮ್ಮನನ್ನು ಎಬ್ಬಿಸಿ, ಎರಡು ಗೆರೆಗಳ ನಡುವೆ ನಿಲ್ಲಿಸುತ್ತಾನೆ. ಅವರ ಭುಜದಿಂದ ಭುಜಕ್ಕೆ ಪಟ್ಟಿ ಹಿಡಿಯುತ್ತಾನೆ. ಹಗ್ಗದಮ್ಮ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ.

“ನನ್ನ ಅಳತೆಗೆ ಕಟ್ಟಬೇಡಪ್ಪ. ನಾನು ಒಣಗಿ ಕಡ್ಡಿಯಾಗಿದೀನಿ. ನನ್ನ ನಂತರ ಬರೋಳು ಗುಂಡಗಿರಬಹುದು, ಬಸುರಿನೂ ಆಗಿರಬಹುದು. ಸ್ವಲ್ಪ ಧಾರಾಳವಾಗೇ ಬಿಡು.”