ಕಾಕಾನ ಬೇಸ್‌ಬಾಲ್ ಡಿಪೋ

ಬಾಬುರಾವ ಕಾಕಾ ಬೇಸ್‌ಬಾಲ್ ನೋಡುತ್ತಿದ್ದುದು ಕಣ್ಣು ಮುಚ್ಚಿಕೊಂಡು. ಭಾಲ್ಕಿಯ ಅವರ ಮನೆಯ ಪಡಸಾಲೆಯಲ್ಲಿ ಕಿಟಕಿಗೆ ಹತ್ತಿದ ಕುರ್ಚಿ ಅವರದು. ಎರಡೂ ಕೈಗಳನ್ನು ಮುಂದೆ ಚಾಚಿ, ಇಲ್ಲದ ಸ್ಟೇರಿಂಗ್ ಹಿಡಿದವರ ಹಾಗೆ ಕೂತಿರುತ್ತಿದ್ದರು. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಒಂದೊಂದೇ ಸಾಲಾಗಿ ಮೂಡುವ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಓದುತ್ತಿದ್ದೆ. ಚೆಂಡು ಎಡಗಡೆ ಎತ್ತರಕ್ಕೆ ಹೋಯಿತು ಎಂದರೆ ಕಾಕಾನ ಮುಖ ಮೆಲ್ಲಗೆ ಎಡಕ್ಕೆ ತಿರುಗಿ ಮೇಲಕ್ಕೆ ಏಳುತ್ತಿತ್ತು. ಅದು ಕೆಳಗೆ ಬರುವ ತನಕ ಉಸಿರು ಬಿಡುತ್ತಿರಲಿಲ್ಲ.

"ಎಲ್ಲಿ ಬಿತ್ರಿ ಮೇಡಂ?"

"ಹಿಡದ್ರು ಕಾಕಾ."

"ಹಿಡದೇ ಹಿಡೀತಾರ. ಆ ಕಡಿ ಗಾಳಿ ಎದುರಿಗಿ ಬೀಸ್ತದ."

ಯಾವ ಕಡೆ, ಯಾವ ಗಾಳಿ ಎಂದು ನಾನು ಕೇಳುತ್ತಿರಲಿಲ್ಲ. ಕಾಕಾ ಜನ್ಮದಲ್ಲಿ ಬೇಸ್‌ಬಾಲ್ ಮೈದಾನ ಕಂಡವರಲ್ಲ, ಟಿವಿಯಲ್ಲೂ ಕಂಡವರಲ್ಲ. ಅವರ ತಲೆಯೊಳಗೆ ಆ ಆಟ ನಡೆಯುತ್ತಿದ್ದುದು ಬೀದರ ಕೋಟೆಯ ಒಳಗಿನ ಬಯಲಿನಲ್ಲಿ. ಅಲ್ಲಿ ಯಾವಾಗಲೂ ಸಂಜೆ ಐದರ ಬಿಸಿಲು. ದೂರದಲ್ಲಿ ಚೆಂಡು ಕಾಯುವವನು ಮುರಿದ ಕಮಾನಿನ ನೆರಳಿನಲ್ಲಿ ನಿಂತಿರುತ್ತಾನೆ, ಅವನ ತಲೆಯ ಮೇಲೆ ಗಿಳಿಗಳು ಕೂಗುತ್ತ ಹೋಗುತ್ತವೆ, ಜೋರಾಗಿ ಹೊಡೆದ ಚೆಂಡು ಕೆಂಪು ಗೋಡೆ ದಾಟಿ ಕಂದಕದ ಆಚೆ ಎಲ್ಲೋ ಇಳಿಯುತ್ತದೆ. ಇದನ್ನೆಲ್ಲ ಅವರು ಎಷ್ಟು ಸಹಜವಾಗಿ ಹೇಳುತ್ತಿದ್ದರೆಂದರೆ, ಓದುತ್ತ ಓದುತ್ತ ನನಗೂ ಪರದೆಯ ಅಕ್ಷರಗಳ ಹಿಂದೆ ಆ ಕೆಂಪು ಮಣ್ಣು ಕಾಣತೊಡಗಿತು. ಈಗಲೂ ಬೇಸ್‌ಬಾಲ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಕಾಣುವುದು ಕೋಟೆಯೇ.

ನಾನು ಬೀದರಿನವಳು. ಭಾಲ್ಕಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಾಗ ಕಾಕಾನ ಮನೆಯ ಮೇಲಿನ ಖೋಲಿ ಬಾಡಿಗೆಗೆ ಹಿಡಿದೆ. ಕೆಳಗೆ ಕಾಕಾ ಮತ್ತು ಕಮಲಾಕಾಕು. ಇಬ್ಬರ ಮೂಲ ಊರು ಮಹಾರಾಷ್ಟ್ರದ ಅಂಚಿನ ಮೆಹಕರ. ಆ ಮನೆಯಲ್ಲಿ ಜಗಳ ಮರಾಠಿಯಲ್ಲಿ, ರಾಜಿ ಕನ್ನಡದಲ್ಲಿ ನಡೆಯುತ್ತಿತ್ತು. ಹಾಗಾಗಿ ಗಂಡಹೆಂಡಿರ ಮಧ್ಯೆ ಇವತ್ತು ಹವಾ ಹೇಗಿದೆ ಎಂದು ಮೆಟ್ಟಿಲ ಮೇಲೆ ನಿಂತೇ ತಿಳಿದುಕೊಳ್ಳಬಹುದಿತ್ತು.

ಕಂಪ್ಯೂಟರು ಬಂದದ್ದು ಮಗಳು ಸುನೀತಾಳಿಂದ. ಆಕೆ ಔರಾದಿನಲ್ಲಿ ನರ್ಸು. ಅಪ್ಪ ಅವ್ವನ ಮುಖ ದಿನಾ ನೋಡಬಹುದೆಂದು, ಬೀದರಿನಲ್ಲಿ ಬಾಗಿಲು ಹಾಕಿದ ಒಂದು ಇಂಟರ್ನೆಟ್ ಸೆಂಟರಿನ ಹಳೆಯ ಕಂಪ್ಯೂಟರನ್ನು ತಂದು ಕೂಡಿಸಿದ್ದಳು. ಕಾಕಾ ಏನೋ ಒತ್ತಲು ಹೋಗಿ ಏನೋ ಒತ್ತಿದರು. ಪರದೆ ತುಂಬ ಹಸಿರು ಮೈದಾನ ಹರಡಿಕೊಂಡಿತು. "ಮೇಡಂ, ಸ್ವಲ್ಪ ಕೆಳಗ ಬರ್ತೀರೇನ್ರಿ? ಮಷೀನಿನಾಗ ಹೊಲ ಬಂದದ" ಎಂದು ಕೂಗಿದರು.

ಅದು ಬೇಸ್‌ಬಾಲ್ ತಂಡ ನಡೆಸುವ ಆಟ. ಚೆಂಡು ನಾವು ಎಸೆಯುವುದಿಲ್ಲ, ಬ್ಯಾಟು ನಾವು ಬೀಸುವುದಿಲ್ಲ. ಇವತ್ತು ಯಾರು ಆಡಬೇಕು, ಯಾರು ಕೂರಬೇಕು, ದಣಿದವನನ್ನು ಯಾವಾಗ ಬದಲಿಸಬೇಕು ಎಂದಷ್ಟೇ ಹೇಳುವುದು, ಉಳಿದದ್ದನ್ನು ಕಂಪ್ಯೂಟರು ಆಡಿ ತೋರಿಸುತ್ತದೆ. ಆ ಸೆಂಟರಿಗೆ ಬರುತ್ತಿದ್ದ ಯಾರೋ ಒಬ್ಬರು ಅರ್ಧ ಸೀಸನ್ ಆಡಿ, ತಂಡವನ್ನು ಕಟ್ಟಕಡೆಯ ಸ್ಥಾನದಲ್ಲಿ ಬಿಟ್ಟು ಎದ್ದು ಹೋಗಿದ್ದರು. ನಾನು ಇದನ್ನು ವಿವರಿಸಿದಾಗ ಕಾಕಾನ ಮುಖ ಸಣ್ಣದಾಯಿತು.

"ನಡು ಹಾದಿನಾಗ ಗಾಡಿ ಬಿಟ್ಟು ಹೋಗ್ಯಾನೇನ್ರಿ? ಒಳಗ ಮಂದಿ ಕುಂತದ ಅಲ್ರಿ! ಎಂಥಾ ಡ್ರೈವರ್ರಿ ಅಂವಾ?"

ಅವತ್ತಿನಿಂದ ಆ ತಂಡ ಕಾಕಾನದಾಯಿತು.

ಕಾಕಾ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹೀಗಾಗಿ ಬೇಸ್‌ಬಾಲಿನ ನಿಯಮಗಳನ್ನು ಅವರಿಗೆ ಹೇಳಿಕೊಡಲು ನನಗೆ ಕಷ್ಟವಾಗಲಿಲ್ಲ. ಚೆಂಡು ಎಸೆಯುವವನು ಡ್ರೈವರ್. ಅವನ ಎದುರು ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ಸನ್ನೆ ಮಾಡಿ ಚೆಂಡು ಹಿಡಿಯುವವನು ಕಂಡಕ್ಟರ್, ಸೀಟಿ ಊದುವುದಿಲ್ಲ ಅಷ್ಟೇ. ಹೊಡೆದವನು ಓಡಿ ಮುಟ್ಟಬೇಕಾದ ಮೂರು ಠಾವುಗಳಿಗೆ ಕಾಕಾ ತಮ್ಮ ಹಳೆಯ ಬೀದರ–ಔರಾದ ರೂಟಿನ ಹೆಸರಿಟ್ಟರು: ಜನವಾಡಾ, ಕೌಠಾ, ಸಂತಪುರ. ಮೂರೂ ದಾಟಿ ಹೊರಟಲ್ಲಿಗೇ ಬಂದರೆ ಡಿಪೋ, ಒಂದು ರನ್. ನಮ್ಮವನೊಬ್ಬ ಮೂರನೆಯ ಠಾವಿನಲ್ಲೇ ಉಳಿದು ಆಟ ಮುಗಿದರೆ "ಸಂತಪುರದಾಗ ಟೈರ್ ಕೂತು ನೋಡ್ರಿ" ಎಂದು ಹಣೆ ಬಡಿದುಕೊಳ್ಳುತ್ತಿದ್ದರು.

ಒಂದು ದಿನ ಆಡಿದ ಎಸೆತಗಾರನಿಗೆ ಮುಂದೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕೆಂಬ ನಿಯಮ ಅವರಿಗೆ ಬಹಳ ಹಿಡಿಸಿತು. "ಲಾಂಗ್ ರೂಟ್ ಹೊಡದು ಬಂದಾಂವಗ ನಿದ್ದಿ ಬೇಕಲ್ರಿ. ಈ ಆಟ ಮಾಡಿದಾಂವ ಶಾಣ್ಯಾ ಹಾನ" ಎಂದರು. ಶೇಂಗಾ ಸುಲಿಯುತ್ತ ಕೂತಿದ್ದ ಕಾಕು, "ಮನಿಯಾಗ ರೊಟ್ಟಿ ಬಡಿಯಾಕಿಗಿ ಎಷ್ಟು ದಿನ ರಜಾ ಅದ, ಅದೂ ಕೇಳ್ರಿ ಅವಗ" ಎಂದು ತಿವಿದರು. ಅದಕ್ಕೆ ಕಾಕಾನ ಉತ್ತರ ಮರಾಠಿಯಲ್ಲಿ ಬಂತು.

ತಂಡದಲ್ಲಿ ಮಾರ್ಟಿನ್ ಎಂಬ ಎಸೆತಗಾರನಿದ್ದ. ಎಲ್ಲರಿಗಿಂತ ಹಿರಿಯ. ಅವನ ಹೆಸರಿನ ಮುಂದೆ ಈ ಸೀಸನ್ ಮುಗಿದ ಮೇಲೆ ನಿವೃತ್ತಿ ಎಂದು ಬರೆದಿತ್ತು. ಕಾಕಾ ಅವನಿಗೆ ಮಾರುತಿರಾವ ಎಂದು ನಾಮಕರಣ ಮಾಡಿದರು. ಎಸೆತದಲ್ಲಿ ಮೊದಲಿನ ವೇಗವಿಲ್ಲ, ಆದರೆ ನಡುಗುವವನಲ್ಲ. ಅವನ ಸರದಿ ಬಂದ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ಇದೇಕೆ ಇಷ್ಟು ಪ್ರೀತಿ ಎಂದು ನನಗೆ ಕಾಕು ಒಂದು ಮಧ್ಯಾಹ್ನ ಹೇಳಿದರು.

ನಮ್ಮ ಕಡೆ ಡ್ರೈವರ್ ನಿವೃತ್ತನಾಗುವ ದಿನ ಅವನ ಬಸ್ಸಿಗೆ ಚೆಂಡುಹೂವಿನ ಹಾರ ಸುತ್ತಿ, ಎರಡೂ ಬದಿಗೆ ಬಾಳೆಕಂಬ ಕಟ್ಟಿ, ಟೈರಿನ ಮುಂದೆ ಕಾಯಿ ಒಡೆಯುತ್ತಾರೆ. ಹೆಂಡತಿ ಮಕ್ಕಳು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಕಂಡಕ್ಟರ್ ಬಸ್ಸಿನಲ್ಲಿ ಕೂತ ಸವಾರಿಗಳಿಗೆಲ್ಲ ಪೇಢಾ ಹಂಚುತ್ತಾನೆ. ಹಾದಿಯುದ್ದಕ್ಕೂ ಚಹಾದಂಗಡಿಯವರು ಬಸ್ಸು ನಿಲ್ಲಿಸಿ ಕೈ ಕುಲುಕುತ್ತಾರೆ. ಆ ದಿನಕ್ಕೆಂದು ಕಾಕು ಒಂದು ಹಸಿರು ಸೀರೆ ತೆಗೆದಿಟ್ಟಿದ್ದರು. ಆದರೆ ಆ ದಿನ ಬರಲಿಲ್ಲ. ಸಕ್ಕರೆ ಕಾಯಿಲೆ ಕಾಕಾನ ಕಣ್ಣಿಗೆ ಇಳಿದಿತ್ತು. ಬೆಳಗಿನ ಟ್ರಿಪ್ಪು ಮುಗಿಸಿ, ಬೀದರಿನ ಸ್ಟ್ಯಾಂಡಿನಲ್ಲಿ ಬುತ್ತಿ ಉಂಡು, ಕೈತೊಳೆದು ಬಂದು ನೋಡಿದರೆ ಅವರ ಬಸ್ಸಿನಲ್ಲಿ ಬೇರೆ ಡ್ರೈವರ್ ಕೂತಿದ್ದ. ಕಣ್ಣಿನ ತಪಾಸಣೆಯ ವರದಿ ಅಷ್ಟರಲ್ಲಿ ಮೇಲಿನವರಿಗೆ ಮುಟ್ಟಿತ್ತು. ಆಮೇಲೆ ಉಳಿದ ನೌಕರಿಯೆಲ್ಲ ಕಂಟ್ರೋಲ್ ರೂಮಿನಲ್ಲಿ ಬಸ್ಸಿನ ಹೆಸರು ಕೂಗುತ್ತ ಕಳೆಯಿತು.

"ಸೀಟಿನ ಮ್ಯಾಲ ಅವರ ಹೆಗಲ ವಸ್ತ್ರ ಹಂಗೇ ಇತ್ತಂತ್ರಿ. ಅದನ್ನೂ ಆ ಹೊಸಾಂವನೇ ಕೊಟ್ಟ" ಎಂದರು ಕಾಕು. ಆ ಸೀರೆಯನ್ನು ಅವರು ಒಮ್ಮೆಯೂ ಉಟ್ಟಿರಲಿಲ್ಲ.

ನಾನು ಕಾಲೇಜಿನಿಂದ ಬಂದು ಚಹಾ ಕುಡಿದ ಮೇಲೆ ದಿನಕ್ಕೊಂದು ಆಟ. ಕಾಕಾನ ಕೈಗೆ ಬಂದ ಮೇಲೆ ತಂಡ ಮೆಲ್ಲಮೆಲ್ಲಗೆ ಮೇಲೇರಿತು. ಇದಕ್ಕೆ ಕಾಕಾನ ಬುದ್ಧಿ ಎಷ್ಟು ಕಾರಣವೋ ಕಂಪ್ಯೂಟರಿನ ಮರ್ಜಿ ಎಷ್ಟು ಕಾರಣವೋ ದೇವರಿಗೇ ಗೊತ್ತು. ಸುನೀತಾ ಫೋನಿನಲ್ಲಿ ಆ ಆಟದ ಬಗ್ಗೆ ಹುಡುಕಿ ಒಂದು ಸುದ್ದಿ ಕೊಟ್ಟಿದ್ದಳು. ಸೀಸನ್ ಗೆದ್ದರೆ ಕೊನೆಗೆ ಪರದೆ ತುಂಬ ಬಂಗಾರದ ಕಪ್ ಮೂಡುತ್ತದೆಯಂತೆ, ಸುತ್ತಲೂ ಬಣ್ಣದ ಪಟಾಕಿ ಹಾರುತ್ತವೆಯಂತೆ. ಅಕ್ಷರಗಳು ಕಾಕಾಗೆ ಎಂದೋ ಕಾಣದಾಗಿದ್ದವು. ದೊಡ್ಡ ಆಕಾರ, ಗಾಢ ಬಣ್ಣ ಮಾತ್ರ ಇನ್ನೂ ಸ್ವಲ್ಪ ತೋರುತ್ತಿದ್ದವು. ಅದೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಅಷ್ಟು ದೊಡ್ಡ ಕಪ್ ಅಂದ್ರ ನನಗೂ ಕಾಣಸ್ತದ್ರಿ ಮೇಡಂ" ಎನ್ನುತ್ತಿದ್ದರು. "ಅದೊಂದು ನೋಡಿಬಿಟ್ಟರ ಸಾಕು. ಆಮ್ಯಾಲ ಕತ್ತಲಿ ಆದ್ರೂ ಆಗಲಿ." ಆ ಮಾತು ಕೇಳಿದ ಮೇಲೆ ನನಗೂ ಆಟ ಆಟವಾಗಿ ಉಳಿಯಲಿಲ್ಲ. ಪಾಠ ಮಾಡುತ್ತಲೂ ತಂಡದ ಚಿಂತೆ.

ಎಳ್ಳಮಾವಾಸ್ಯೆ ಬಂತು. ನಮ್ಮ ಜಿಲ್ಲೆಯಲ್ಲಿ ಅವತ್ತು ಊರಲ್ಲಿ ನಾಯಿಯೂ ಇರುವುದಿಲ್ಲ. ಎಲ್ಲರೂ ಕಾಳು ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ನಾವೂ ಮೆಹಕರಕ್ಕೆ ಹೊರಟು ನಿಂತಿದ್ದೆವು. ಚಪ್ಪಲಿ ಮೆಟ್ಟಿದ ಮೇಲೆ ಕಾಕಾಗೆ ನೆನಪಾಯಿತು. ನನ್ನನ್ನು ವಾಪಸು ಕರೆದು, ತಂಡದ ಮುಖ್ಯ ಆಟಗಾರರನ್ನೆಲ್ಲ ವಿಶ್ರಾಂತಿಗೆ ಹಾಕಿಸಿ, ಉಳಿದವರಿಂದಲೇ ಅವತ್ತಿನ ಆಟ ಶುರು ಮಾಡಿಸಿದರು.

"ಕಾಕಾ, ಇವತ್ತಿನ ಆಟ ಸೋಲ್ತೇವ್ರಿ."

"ಸೋಲ್ರಿ. ಜಗತ್ತೆಲ್ಲಾ ಹೊಲಕ್ಕ ಹೊಂಟದ, ಇವರೊಬ್ಬರೇ ಯಾಕ ದುಡೀಬೇಕು? ಹಬ್ಬದ ದಿನ ಡ್ಯೂಟಿ ಹಾಕಿದಾಂವಗ ನಾ ಎಷ್ಟು ಬೈದೀನಿ ನನಗ ಗೊತ್ತದ."

ಸೋತೆವು. ಜೋಳದ ಹೊಲದ ನಡುವೆ ಕೂತು ಭಜ್ಜಿಗೆ ರೊಟ್ಟಿ ಅದ್ದುತ್ತ ಕಾಕಾ, ಈಗ ಮಾರುತಿರಾವ ಯಾವ ಗಿಡದ ಕೆಳಗೆ ಮಲಗಿರಬಹುದು ಎಂದು ಅಣ್ಣತಮ್ಮಂದಿರೊಂದಿಗೆ ಮಾತಾಡಿದರು. ಯಾವ ಮಾರುತಿರಾವ ಎಂದು ಅವರು ಕೇಳಲೂ ಇಲ್ಲ. ನಮ್ಮ ಮಂದಿಗೆ ಊರಿಗೊಬ್ಬ ಮಾರುತಿರಾವ ಇದ್ದೇ ಇರುತ್ತಾನೆ.

ಆ ಒಂದು ಸೋಲು ಕೊನೆಗೆ ಕುತ್ತಿಗೆಗೆ ಬಂತು. ಸೀಸನ್ನಿನ ಕೊನೆಯ ದಿನ ನಮ್ಮ ತಂಡವೂ ಇನ್ನೊಂದು ತಂಡವೂ ಸರಿಸಮ ಇದ್ದವು. ಅವರ ಊರಿನಲ್ಲಿ ಅವರ ಮೇಲೇ ಆಟ. ಗೆದ್ದವರಿಗೆ ಕಪ್. ಎಳ್ಳಮಾವಾಸ್ಯೆಯ ಆಟ ಗೆದ್ದಿದ್ದರೆ ನಾವು ಒಂದು ಹೆಜ್ಜೆ ಮುಂದಿರುತ್ತಿದ್ದೆವು. ಸರದಿ ಮಾರುತಿರಾವನದೇ. ಆದರೆ ತಾಜಾ ಮೈಯ ಚುರುಕಾದ ಎಸೆತಗಾರನೊಬ್ಬ ಬದಲಿಗೆ ತಯಾರಿದ್ದ. ಬೇಕಾದಾಗ ಬದಲಿಸೋಣ ಎಂದುಕೊಂಡು ನಾನು ಓದತೊಡಗಿದೆ. ಕಾಕು ನಮ್ಮ ಬೆನ್ನ ಹಿಂದೆ ಶೇಂಗಾ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

ಮಾರುತಿರಾವ ಅವತ್ತು ಬಹಳ ಚೆಂದ ಎಸೆದ. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ನಾವು ಒಂದು ರನ್ ಮುಂದಿದ್ದೆವು. ಕಿಟಕಿಯಿಂದ ಬರುತ್ತಿದ್ದ ಬಿಸಿಲು ಕಾಕಾನ ಮೊಣಕಾಲ ಮೇಲೆ ಬಿದ್ದಿತ್ತು. ಕೋಟೆಯ ಬಯಲಿನಲ್ಲೂ ಅದೇ ಬಿಸಿಲಿದ್ದಿರಬೇಕು. ಆಮೇಲೆ ಅವನ ದಣಿವು ತೋರಿಸುವ ಪಟ್ಟಿ ಕೆಂಪಾಯಿತು. ಎದುರಾಳಿಗಳಲ್ಲಿ ಒಬ್ಬ ಕೌಠಾ ಮುಟ್ಟಿದ, ಇನ್ನೊಬ್ಬ ಸಂತಪುರ ಮುಟ್ಟಿದ. ಇನ್ನು ಒಬ್ಬನನ್ನು ಔಟ್ ಮಾಡಿದರೆ ಆಟ ನಮ್ಮದು.

"ಕಾಕಾ, ಪಟ್ಟಿ ಕೆಂಪಾಗ್ಯಾದ. ಬದಲಿ ಮಾಡ್ತೇನಿ."

"ಬ್ಯಾಡ್ರಿ."

"ಅಂವಾ ದಣದಾನ್ರಿ. ಹೊಸಾಂವಗ ಕಳಸಿದ್ರ ಗೆಲ್ತೇವಿ. ಕಪ್ ನೋಡಬೇಕಲ್ರಿ ನೀವು?"

ಕಾಕಾನ ಚಾಚಿದ ಕೈಗಳು ಗಟ್ಟಿಯಾಗಿ ಮುಷ್ಟಿ ಹಿಡಿದಿದ್ದವು. "ನೋಡಬೇಕ್ರಿ. ಆದ್ರ ಸವಾರಿ ಕುಂತ ಗಾಡಿನಾಗಿಂದ ಅವಗ ಇಳಿ ಅಂತ ಹ್ಯಾಂಗ ಅನಲಿ? ನನ್ನ ಬಾಯಿಂದ ಆ ಮಾತು ಬರಂಗಿಲ್ಲ. ಕೆಡಲಿ, ಉಳೀಲಿ, ಅವನೇ ಡಿಪೋಕ್ಕ ಮುಟ್ಟಸಲಿ."

ನಾನು ಮುಂದಿನ ಎಸೆತಕ್ಕೆ ಒತ್ತಿದೆ. ಹೊಡೆದರು. ಚೆಂಡು ಗೋಡೆಯ ತನಕ ಉರುಳಿತು. ಸಂತಪುರದವನು ಬಂದ, ಅವನ ಹಿಂದೆಯೇ ಕೌಠಾದವನೂ ಬಂದ. ಸೀಸನ್ ಮುಗಿಯಿತು.

ಓದಿ ಹೇಳಿದೆ. ಕಾಕಾ ಕಣ್ಣು ತೆರೆಯಲಿಲ್ಲ. "ಅಂವಾ ಹ್ಯಾಂಗ ಹೊಂಟಾನ್ರಿ ಮೇಡಂ, ಮೈದಾನದಿಂದ?" ಎಂದು ಕೇಳಿದರು.

ಪರದೆಯ ಮೇಲೆ ಎರಡು ಅಂಕಿಗಳಿದ್ದವು, ಮುಂದುವರಿಸಿ ಎಂಬ ಒಂದು ಗುಂಡಿಯಿತ್ತು. ಮತ್ತೇನೂ ಇರಲಿಲ್ಲ. ಆಗ ಹಿಂದಿನಿಂದ ಕಾಕುವಿನ ದನಿ ಬಂತು.

"ನಾ ಹೇಳ್ತೇನಿ ಕೇಳ್ರಿ. ಮಂದಿ ಎಲ್ಲಾ ಎದ್ದು ನಿಂತದ. ಚಪ್ಪಾಳಿ ಹೊಡೀಲತ್ಯಾರ. ಮಾರುತಿರಾವನ ಕೊರಳಾಗ ಚೆಂಡುಹೂವಿನ ಹಾರ ಹಾಕ್ಯಾರ. ಅವನ ಹೆಂಡತಿನೂ ಬಂದಾಳ, ಹಸರ ಸೀರಿ ಉಟ್ಟಾಳ. ಇಬ್ಬರೂ ಕೂಡಿ ಸಾವಕಾಶ ಹೊಂಟಾರ."

"ಆ ಊರಿನ ಮಂದಿನೂ ನಿಂತದೇನು?"

"ಅವರೂ ನಿಂತಾರ."

ಕಾಕಾ ತಲೆಯಾಡಿಸಿದರು. ಚಾಚಿದ್ದ ಕೈಗಳನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದರು. ಪರದೆ ನನ್ನ ಕಣ್ಣೀರಿನಲ್ಲಿ ಕದಡಿಹೋಗಿತ್ತು. ಹಿಂದೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಹೊಸ ಸೀಸನ್ ಶುರು ಮಾಡೋಣವೇ ಎಂದು ಮರುವಾರ ಕೇಳಿದೆ. "ಸಾಕ್ರಿ, ಗಾಡಿ ಮುಟ್ಟಿತು" ಎಂದರು. ಆ ಬೇಸಿಗೆಯಲ್ಲೇ ಸುನೀತಾ ಇಬ್ಬರನ್ನೂ ಔರಾದಿಗೆ ಕರೆದುಕೊಂಡು ಹೋದಳು. ನಾನೂ ಬೀದರಿನ ಕಾಲೇಜಿಗೆ ಬಂದೆ.

ಈಗ ಕಾಕಾ ಇಲ್ಲ. ಅವರನ್ನು ನಾನು ಕೊನೆಯ ಸಲ ಕಂಡದ್ದು ಔರಾದಿನಲ್ಲಿ, ಒಂದು ಭಾನುವಾರ. ಬೀದರಿನಿಂದ ಹೋಗುವಾಗ ಬಸ್ಸು ಜನವಾಡಾ ದಾಟಿತು, ಕೌಠಾ ದಾಟಿತು. ಮಂಜರಾ ನದಿಯ ಮೇಲೆ ತೆಳುವಾದ ಮಂಜಿತ್ತು, ಹೊಲಗಳು ಅದರೊಳಗೆ ತೇಲುತ್ತಿದ್ದವು. ನಾನು ಅರೆನಿದ್ದೆಯಲ್ಲಿ ಯಾರದೋ ಆಟದೊಳಗೆ ಓಡುತ್ತಿರುವ ಹಾಗೆ ಅನಿಸುತ್ತಿತ್ತು.

ಅಷ್ಟರಲ್ಲಿ ಕಾಕಾನ ಕಣ್ಣು ಪೂರ್ತಿ ಹೋಗಿತ್ತು. ನನ್ನ ದನಿ ಕೇಳಿ ಮುಖ ಅರಳಿಸಿ, ಹತ್ತಿರ ಕೂಡಿಸಿಕೊಂಡರು. ಕಾಕು ಚಹಾಕ್ಕಿಡಲು ಒಳಗೆ ಹೋದರು. ಅವರ ಹೆಜ್ಜೆಯ ಸಪ್ಪಳ ಅಡುಗೆಮನೆ ಸೇರಿತೆಂದು ಖಾತ್ರಿ ಮಾಡಿಕೊಂಡು ಕಾಕಾ ನನ್ನ ಕಡೆ ಬಾಗಿದರು.

"ಮೇಡಂ, ಅವತ್ತ ನಿಮ್ಮ ಕಾಕು ಹೇಳಿದಳಲ್ರಿ, ಅದು ಪರದಿ ಮ್ಯಾಲ ಇರಲಿಲ್ಲ. ಹೌದಲ್ರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇರಲಿಲ್ಲ ಕಾಕಾ" ಎಂದೆ.

"ನನಗ ಆವಾಗೇ ಗೊತ್ತಿತ್ತು. ಆಕಿಗಿ ಇಂಗ್ಲಿಷ್ ಎಲ್ಲಿ ಬರ್ತದ್ರಿ?" ಎಂದು ನಕ್ಕರು. ಆಮೇಲೆ ದನಿ ಇನ್ನೂ ತಗ್ಗಿಸಿದರು. "ಆದ್ರ ನೀವು ನೋಡಲಾರದ್ದು ಒಂದು ಅದ. ಮಂದಿ ಎದ್ದು ನಿಂತದ ಅಂದಳಲ್ರಿ, ಅದಕ್ಕ ಮೊದಲು ಶೇಂಗಾ ಬುಟ್ಟಿ ಕೆಳಗ ಇಟ್ಟ ಸಪ್ಪಳ ಆಯ್ತು. ಆಕಿ ಮೊಣಕಾಲು ಕಟ್ ಅಂದ್ವು. ಆಕಿ ಕುಂತು ಹೇಳಿದ್ದಲ್ರಿ ಮೇಡಂ. ಎದ್ದು ನಿಂತು ಹೇಳ್ಯಾಳ."