ಸಂಡಿಗೆ ಒಣಗದ ಚಪ್ಪಡಿ

ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ, ಕೊಲ್ಲಿಯ ಉಪ್ಪಿನ ಗದ್ದೆಗಳ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಸಣ್ಣ ಬಣ್ಣದ ಕಂಪನಿಯೊಂದರಲ್ಲಿ ಶ್ರೀಕಂಠ ಹನ್ನೆರಡು ವರ್ಷದಿಂದ ಕೆಮಿಸ್ಟ್ ಆಗಿದ್ದ. ಈ ಹನ್ನೆರಡು ವರ್ಷಗಳಲ್ಲಿ ಅವನು ಯಾರಿಗಾದರೂ ‘ಆಗಲ್ಲ’ ಎಂದದ್ದನ್ನು ಕೇಳಿದವರಿಲ್ಲ. ಅವನ ಬಾಯಲ್ಲಿ ಸದಾ ತಯಾರಾಗಿರುತ್ತಿದ್ದ ಮಾತು ಒಂದೇ: ‘ಪರವಾಗಿಲ್ಲ’. ಮಳೆ ಬಂದರೆ ನೇರ ಅವನ ಮೇಜಿನ ಮೇಲೇ ಸೋರುವ ಸೂರು ಪರವಾಗಿಲ್ಲ, ಮಷೀನಿನ ಕಹಿ ಕಾಫಿ ಪರವಾಗಿಲ್ಲ, ಅವನ ಹೆಸರನ್ನು ಮುರಿದು ‘ಶ್ರೀ’ ಎಂದಷ್ಟೇ ಕರೆಯುವುದೂ ಪರವಾಗಿಲ್ಲ. ನಂಜನಗೂಡಿನಲ್ಲಿ ಅವನನ್ನು ಬೆಳೆಸಿದ್ದೇ ಹಾಗೆ. ಕರೆದವರ ಮನೆಯಲ್ಲಿ ಸಾರು ಸಪ್ಪೆಯಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡು ಬರಬೇಕು, ಅದು ಮರ್ಯಾದೆ.

ಹೆಣ್ಣು ನೋಡಲು ಮೈಸೂರಿಗೆ ಹೋಗಿ ಬಂದ ದಿನ ಸೋದರಮಾವ, “ಹುಡುಗಿ ಹೇಗಿದಾಳೋ?” ಎಂದು ಕೇಳಿದಾಗಲೂ ಅವನು ಹೇಳಿದ್ದು ಅದೇ ಮಾತು. ಅದು ಹೇಗೋ ಹುಡುಗಿಯ ಕಿವಿಗೆ ಬಿತ್ತು. ಮದುವೆಯಾಗಿ ಹದಿನೈದು ವರ್ಷವಾದರೂ ಜಲಜಾಳ ಕಿವಿಯಿಂದ ಅದು ಆಚೆಗೆ ಬಿದ್ದಿರಲಿಲ್ಲ. ಅವಳು ಪ್ರತಿ ಬೇಸಿಗೆಯಲ್ಲಿ ಅಕ್ಕಿ ಸಂಡಿಗೆ ಇಟ್ಟು, ಒಣಗಿಸಿ, ಕರಿದು, ತಟ್ಟೆಗೆ ಹಾಕಿ, “ಹೇಗಿದೆ?” ಎಂದು ಕೇಳುತ್ತಿದ್ದಳು. ಅವನು ಪರವಾಗಿಲ್ಲ ಎಂದು ಹೇಳಿ ಎರಡು ಲೋಟ ನೀರು ಕುಡಿಯುತ್ತಿದ್ದ.

೧೯೮೪ರ ಬೇಸಿಗೆಯಲ್ಲಿ ಕಂಪನಿಯ ಲ್ಯಾಬಿನ ಮುಖ್ಯಸ್ಥ ರಿಟೈರಾದ. ಗಾಜಿನ ಗೋಡೆಯ ಅವನ ಕೋಣೆ ಖಾಲಿಯಾಯಿತು. ಆ ಕೋಣೆಗೆ ಇಬ್ಬರು ಹಕ್ಕುದಾರರು. ಒಬ್ಬ ಶ್ರೀಕಂಠ. ಇನ್ನೊಬ್ಬ ಸ್ಟೀವ್ ಎಂಬ ಹುಡುಗ, ಬಂದು ನಾಲ್ಕೇ ವರ್ಷ, ಬೆಳಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಮೂರು ಸಲ ‘ಇದು ಕೆಲಸಕ್ಕೆ ಬಾರದ್ದು’ ಎನ್ನುವವನು. ಶ್ರೀಕಂಠನಿಗೆ ಆ ಕೋಣೆ ಬೇಕಾಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅದು ಬೇರೆ ಮಾತು. ಆದರೆ ಸಂಜೆ ಎಲ್ಲರೂ ಹೋದ ಮೇಲೆ ಒಂದೆರಡು ಸಲ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ಸೋರದ ಸೂರನ್ನು ನೋಡಿ ಬಂದಿದ್ದ.

ಅದೇ ಹೊತ್ತಿಗೆ ಪಾಮ್ ಸ್ಪ್ರಿಂಗ್ಸಿನ ಆಚೆ, ಮರುಭೂಮಿಯ ನಡುವಿನ ಒಂದು ಮೋಟೆಲಿನಿಂದ ಕೆಲಸ ಬಂತು. ಅಲ್ಲಿನ ಈಜುಕೊಳದ ಸುತ್ತ ಹಾಸಿದ್ದ ಕಾಂಕ್ರೀಟು ಜುಲೈ ಬಿಸಿಲಿಗೆ ಕಾದ ಕಾವಲಿ. ಅತಿಥಿಗಳು ಟವೆಲ್ಲುಗಳನ್ನು ಒಂದರ ಮುಂದೊಂದು ಎಸೆದು, ಅವುಗಳ ಮೇಲೆ ಕುಪ್ಪಳಿಸಿ ನೀರು ಸೇರುತ್ತಿದ್ದರಂತೆ. ಕಾಂಕ್ರೀಟಿನ ಮೇಲೆ ಕಾಲು ಸುಡದಂಥ ಒಂದು ಲೇಪ ಬೇಕು. ಒದ್ದೆಯಾದರೆ ಜಾರಬಾರದು, ಬಿಸಿಲಿಗೆ ಹಳದಿಯಾಗಬಾರದು, ಕಣ್ಣಿಗೂ ಹೊಡೆಯಬಾರದು.

“ಯಾವುದೆಂದು ನೀನೇ ಆರಿಸು,” ಎಂದ ಕಂಪನಿಯ ಯಜಮಾನ ಡೇಲ್. “ನೀನು ಆರಿಸಿದ್ದನ್ನೇ ಹಾಕೋಣ. ಮೋಟೆಲಿನವರು ಒಪ್ಪಿದರೆ ಆ ಕೋಣೆ ನಿನ್ನದು.”

ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ವಿಷಯವನ್ನು ತೀರ್ಮಾನಿಸುವ ಕೆಲಸ ಶ್ರೀಕಂಠನ ಪಾಲಿಗೆ ಬಂದಿತ್ತು. ಅವನು ಎರಡಡಿ ಉದ್ದಗಲದ ಮೂರು ಕಾಂಕ್ರೀಟು ಚಪ್ಪಡಿಗಳನ್ನು ಎರಕ ಹೊಯ್ಸಿದ. ಒಂದನೆಯದಕ್ಕೆ ಹೊಳೆಯುವ ಎಪಾಕ್ಸಿ ಬಳಿದ, ನೀರು ಬಿದ್ದರೆ ಜಾರುವಂಥದ್ದು, ಹೋಲಿಕೆಗೆ ಮಾತ್ರ. ಎರಡನೆಯದಕ್ಕೂ ಮೂರನೆಯದಕ್ಕೂ ಸಿಮೆಂಟು, ಮರಳು, ಅಕ್ರಿಲಿಕ್ ಕಲಸಿ ಚಿಮುಕಿಸಿ, ಕರಣೆಯಿಂದ ಅರ್ಧಕ್ಕೆ ತಟ್ಟಿದ ತರಿತರಿ ಲೇಪ. ವ್ಯತ್ಯಾಸ ಬಣ್ಣದ್ದು. ಮೂರನೆಯದು ಕ್ಯಾಟಲಾಗಿನಲ್ಲಿದ್ದ ಮಾಸಲು ಮರಳಿನ ಬಣ್ಣ, ಹೆಸರು ಹೇಳಲೂ ಯೋಗ್ಯವಲ್ಲದ ಬಣ್ಣ. ಎರಡನೆಯದು ಅವನೇ ಒಂದು ವಾರ ಕೂತು ಬೆರೆಸಿದ ಕಾವಿ, ನಂಜನಗೂಡಿನ ದೇವಸ್ಥಾನದ ಗೋಡೆಯ ಪಟ್ಟೆಯ ಕಾವಿ. ಅದನ್ನು ನೋಡಿದರೆ ಅವನ ಎದೆ ತುಂಬಿ ಬರುತ್ತಿತ್ತು.

ಬಿಸಿಲಿಗಿಟ್ಟು ಅಳೆದಾಗ ಎರಡನೆಯದು ನೂರಾ ನಲವತ್ತಾರು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು, ಮೂರನೆಯದು ನೂರಾ ಇಪ್ಪತ್ತೆಂಟು. ಕೆಮಿಸ್ಟನಾದವನಿಗೆ ಇಷ್ಟು ಸಾಕು. ಎದೆ ತುಂಬಿದ ಕೆಮಿಸ್ಟನಿಗೆ ಸಾಲಲಿಲ್ಲ. ಅಷ್ಟರಲ್ಲಿ ಡೇಲ್ ಕೂಡ, “ಈಜುವುದು ಥರ್ಮಾಮೀಟರಲ್ಲ, ಜನ. ಬರಿಗಾಲಲ್ಲಿ ನಿಲ್ಲಿಸಿ ಕೇಳು,” ಎಂದ. ಕಂಪನಿಯೊಳಗೆ ಅದಕ್ಕೆ ಇನ್ಶೂರೆನ್ಸಿನವರು ಒಪ್ಪಲಿಲ್ಲ. ಬರಿಗಾಲಿನ ಜನ ಎಲ್ಲಿ ಸಿಗುತ್ತಾರೆ ಎಂದು ಯೋಚಿಸುತ್ತ ಮನೆಗೆ ಬಂದ ಶ್ರೀಕಂಠನಿಗೆ ತನ್ನ ಬಾಗಿಲಲ್ಲೇ ಉತ್ತರ ಕಂಡಿತು. ಕನ್ನಡದವರು ಯಾರೇ ಬರಲಿ, ಚಪ್ಪಲಿ ಬಿಡದೆ ಒಳಗೆ ಕಾಲಿಡುವುದಿಲ್ಲ.

ಮೂರು ಚಪ್ಪಡಿಗಳೂ ಅವನ ಹಿತ್ತಲಿಗೆ ಬಂದು ಕೂತವು. ಗಣಪತಿ ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಖಾಲಿ ಬಿದ್ದ ಚಪ್ಪಡಿ ಕಂಡ ಮೇಲೆ ಜಲಜಾ ಸುಮ್ಮನಿರುವವಳಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿ ಮೂರರ ಮೇಲೂ ಸಂಡಿಗೆ ಇಟ್ಟಳು.

“ರೀ, ನಿಮ್ಮ ಮೂರನೇ ಚಪ್ಪಡಿ ಯೂಸ್ ಇಲ್ಲ,” ಎಂದಳು ಎರಡು ದಿನ ಕಳೆದ ಮೇಲೆ. “ಎರಡನೇದ್ರಲ್ಲಿ ಹನ್ನೊಂದು ಗಂಟೆಗೆಲ್ಲ ಮೇಲೆದ್ದು ಗಲಗಲ ಅನ್ನುತ್ತೆ. ಮೂರನೇದ್ರಲ್ಲಿ ಸಂಜೆಯಾದ್ರೂ ಮೆತ್ತಗೇ ಇರುತ್ತೆ.”

“ಪರವಾಗಿಲ್ಲ, ಎರಡನೇದ್ರಲ್ಲೇ ಇಡು,” ಎಂದ ಶ್ರೀಕಂಠ, ಪೇಪರಿನಿಂದ ತಲೆಯೆತ್ತದೆ. ಹಿತ್ತಲ ಗಿಡ ಮದ್ದಲ್ಲ. ಅದರಲ್ಲೂ ಸಂಡಿಗೆಯ ಮಾತು ಆಫೀಸಿನ ಕೆಲಸಕ್ಕೆ ಮದ್ದಾಗಬಹುದು ಎಂದು ಎಂ.ಎಸ್ಸಿ. ಮಾಡಿದವನಿಗೆ ಹೇಗೆ ಹೊಳೆಯಬೇಕು.

ಅಮೆರಿಕಕ್ಕೆ ಬಂದ ಮೇಲೆ ಗಣಪತಿಯೂ ಭಾನುವಾರ ಬರುವುದನ್ನು ಕಲಿತಿದ್ದ. ಆ ಭಾನುವಾರ ಇಪ್ಪತ್ತೆರಡು ಜನ ಊಟಕ್ಕೆ ಬಂದರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಪ್ರಯೋಗಕ್ಕೆ ಹೇಳಿ ಮಾಡಿಸಿದ ಬಿಸಿಲು. ಕಡುಬು, ಬಿಸಿಬೇಳೆಭಾತು, ಸಂಡಿಗೆ ಎಲ್ಲ ಮುಗಿದ ಮೇಲೆ ಶ್ರೀಕಂಠ ಕೈಯಲ್ಲಿ ಫಾರ್ಮುಗಳ ಕಟ್ಟು ಹಿಡಿದು ಅವರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋದ. ಒಂದೊಂದು ಚಪ್ಪಡಿಯ ಮೇಲೂ ಅರ್ಧ ನಿಮಿಷ ನಿಂತು, ಯಾವುದು ಹಿತವೋ ಅದರ ನಂಬರು ಬರೆಯಬೇಕು ಎಂದ.

ಮೊದಲು ನಿಂತವರು ಸ್ಯಾನ್ ಮಟಿಯೋದ ಡಾಕ್ಟರ್ ಗುರುಪ್ರಸಾದ. ನಿಲ್ಲುವ ಮೊದಲೇ ಅವರು, “ಇದರಲ್ಲಿ ನಿಮ್ಮ ಕೈಯಾರೆ ಮಾಡಿದ್ದು ಯಾವುದು ಶ್ರೀಕಂಠ ಅವರೇ?” ಎಂದು ವಿಚಾರಿಸಿದರು.

ಹೇಳಬಾರದಿತ್ತು. ಸ್ಟೀವ್ ಆಗಿದ್ದರೆ ಹೇಳುತ್ತಿರಲಿಲ್ಲ. ಶ್ರೀಕಂಠ ನಾಚಿಕೊಂಡು ಎರಡನೆಯದನ್ನು ತೋರಿಸಿದ.

“ಏನು ಕಲರ್ರೀ. ಊರು ನೆನಪಾಗುತ್ತೆ,” ಎಂದು ಡಾಕ್ಟರು ಅದರ ಮೇಲೆ ನಿಂತರು. ಮುಖ ಸ್ವಲ್ಪ ಕೆಂಪಾಯಿತು. “ತುಂಬಾ ಕಂಫರ್ಟಬಲ್ ಆಗಿದೆ,” ಎಂದು ಇಳಿದು, ನಡೆಯಲು ಹುಲ್ಲಿನ ದಾರಿ ಹಿಡಿದರು.

ಅವರ ಹಿಂದೆ ಮೌಂಟನ್ ವ್ಯೂನ ಚೆಲುವರಾಜು ಬಂದ. ಮಂಡ್ಯ ಕಡೆಯವನು, ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯ ಇಂಜಿನಿಯರು, ಹುಡುಗನಾಗಿದ್ದಾಗ ಎರಡು ಸಲ ಕೆಂಡ ಹಾಯ್ದವನು. ಅವನು ಎರಡನೆಯದರ ಮೇಲೆ ಐದು ನಿಮಿಷ ನಿಂತು ಟ್ರಾಫಿಕ್ಕಿನ ಬಗ್ಗೆ ಮಾತಾಡಿ, “ತಣ್ಣಗಿದೆ ಸಾರ್,” ಎಂದು ಬರೆದುಕೊಟ್ಟ. ಉಳಿದವರೂ ಹಾಗೆಯೇ. ಉಂಡ ಮನೆಯ ಚಪ್ಪಡಿಗೆ ಬಿಸಿ ಎನ್ನುವಷ್ಟು ಕೆಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಶ್ರೀಕಂಠನಿಗೆ ಇದು ಗೊತ್ತಾಗಬೇಕಿತ್ತು, ಯಾಕೆಂದರೆ ಅವನೂ ಆಯುಷ್ಯವಿಡೀ ಬೇರೆಯವರ ಚಪ್ಪಡಿಗಳ ಮೇಲೆ ಹೀಗೆಯೇ ನಿಂತು ಬಂದವನು.

ಕೊನೆಯಲ್ಲಿ ಚೆಲುವರಾಜುವಿನ ತಾಯಿ ಮರಿತಾಯಮ್ಮ ಉಳಿದರು. ಆರು ತಿಂಗಳ ವೀಸಾದ ಮೇಲೆ ಬಂದಿದ್ದವರು. ಫಾರ್ಮು ಓದಲು ಬಾರದ್ದರಿಂದ ಅವರನ್ನು ಯಾರೂ ಕೇಳಿರಲಿಲ್ಲ. ತಾವೇ ಬಂದು ಮೂರನೆಯದರ ಮೇಲೆ ನಿಂತು ನೋಡಿ, ಎರಡನೆಯದರ ಮೇಲೆ ಕಾಲಿಟ್ಟು, ತಟ್ಟನೆ ತೆಗೆದರು.

“ಇದ್ರ ಮ್ಯಾಲೆ ರಾಗಿ ಹಾಕುದ್ರೆ ಒಂದೇ ಬಿಸ್ಲಿಗೆ ಒಣ್ಗೋಯ್ತದೆ ಕಣಪ್ಪ. ಕಾಲು ಮಡುಗಕ್ಕಾಯ್ತದಾ? ಆ ಮಾಸ್ಲು ಕಲ್ಲೇ ವಾಸಿ.”

“ಅವ್ವಾ, ಸುಮ್ನಿರು,” ಎಂದ ಮಗ. ಶ್ರೀಕಂಠ ನಕ್ಕು, “ಪರವಾಗಿಲ್ಲಮ್ಮ,” ಎಂದ. ಮಾಸಲು ಕಲ್ಲೆಂದರೆ ಮೂರನೆಯದು. ಜಲಜಾ ಗಂಡನ ಮುಖ ನೋಡಿದಳು. ಅವಳು ಹೇಳುವುದನ್ನು ಆಗಲೇ ಹೇಳಿಯಾಗಿತ್ತು.

ಇಪ್ಪತ್ತೊಂದು ಫಾರ್ಮು, ಇಪ್ಪತ್ತೊಂದರಲ್ಲೂ ಎರಡನೇ ನಂಬರು. ಇಂಥ ಬಹುಮತ ಡೇಲ್ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. “ಥರ್ಮಾಮೀಟರು ಬೇರೆ ಹೇಳುತ್ತದಲ್ಲ?” ಎಂದು ಒಂದು ಸಲ ಕೇಳಿದ. ತರಿ ಲೇಪದಲ್ಲಿ ಪಾದದ ಸ್ವಲ್ಪ ಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಜನರ ಅನುಭವವೇ ಮುಖ್ಯ ಎಂದು ಶ್ರೀಕಂಠ ವಿವರಿಸಿದ. ಮೂರನೆಯದಕ್ಕೂ ಅದೇ ತರಿ ಇತ್ತು ಎಂಬುದನ್ನು ಇಬ್ಬರೂ ಎತ್ತಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಕೆಲಸದವರು ಮುಂಚೆ ಹೋಗಿ ಮೋಟೆಲಿನ ಕೊಳದ ಒಂದು ಮೂಲೆಗೆ ಕಾವಿ ಲೇಪ ಹಾಕಿ ಬಂದರು. ಅದು ಒಣಗಿ ಗಟ್ಟಿಯಾದ ಮೇಲೆ ಡೇಲ್ ಮತ್ತು ಶ್ರೀಕಂಠ ಟ್ರಕ್ಕಿನಲ್ಲಿ ಇಡೀ ದಿನ ಪ್ರಯಾಣ ಮಾಡಿ, ಮರುದಿನ ಮಧ್ಯಾಹ್ನ ಕೊಳದ ಬಳಿ ನಿಂತರು. ಮರುಭೂಮಿಯ ಬಿಸಿಲು ನೆವಾರ್ಕಿನ ಬಿಸಿಲಿನ ಹಾಗಲ್ಲ. ನೆವಾರ್ಕಿನದು ಸಂಜೆಗೆ ಕೊಲ್ಲಿಯ ಗಾಳಿ ಬೀಸಿದರೆ ಕ್ಷಮೆ ಕೇಳಿ ಹೋಗುತ್ತದೆ.

ಮೋಟೆಲಿನ ಯಜಮಾನಿ ಅರವತ್ತು ದಾಟಿದ ಹೆಂಗಸು. ಕಾವಿಯನ್ನು ನೋಡಿ ಬಣ್ಣ ಚೆಂದವೆಂದಳು. ಆಮೇಲೆ, “ಸುಡುತ್ತದೆಯೇ?” ಎಂದಳು.

ಡೇಲ್ ಶ್ರೀಕಂಠನ ಕಡೆ ನೋಡಿದ. ಶ್ರೀಕಂಠ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಕಾವಿಯ ಮೇಲೆ ಹೋಗಿ ನಿಂತ.

ನಂಜನಗೂಡಿನಲ್ಲಿ ಚಿಕ್ಕಂದಿನಲ್ಲಿ ಉರಿಬಿಸಿಲಲ್ಲಿ ಪ್ರದಕ್ಷಿಣೆ ಹಾಕಿದ ಪಾದ ಎಂಬ ಧೈರ್ಯ ಅವನಿಗೆ. ಆ ಪಾದ ಎಂದೋ ಹೋಗಿತ್ತು. ಈಗಿದ್ದದ್ದು ಹನ್ನೆರಡು ವರ್ಷ ಕಾರ್ಪೆಟ್ಟಿನ ಮೇಲೆ ನಡೆದ ಪಾದ. ಮೊದಲ ಹತ್ತು ಎಣಿಸುವಷ್ಟರಲ್ಲಿ ಬಿಸಿ ಎನಿಸಿತು, ಇಪ್ಪತ್ತಕ್ಕೆ ಉರಿ ಮೊಣಕಾಲಿಗೆ ಏರಿತು. ದೇವಸ್ಥಾನದಲ್ಲಾದರೆ ಅಮ್ಮ ‘ಬೇಗ ಬೇಗ ನಡಿ’ ಎನ್ನುತ್ತಿದ್ದಳು, ಇಲ್ಲಿ ನಡೆಯುವಂತಿರಲಿಲ್ಲ.

“ಪರವಾಗಿಲ್ಲ, ಹಿತವಾಗಿದೆ,” ಎಂದ, ಇಂಗ್ಲಿಷಿನಲ್ಲಿ.

ಒಂದು ನಿಮಿಷವಾಯಿತು. ಅವನು ಕದಲಲಿಲ್ಲ. ಯಜಮಾನಿ ಅವನ ಮುಖವನ್ನೇ ನೋಡುತ್ತಿದ್ದವಳು ತನ್ನ ಚಪ್ಪಲಿಯಿಂದ ಒಂದು ಕಾಲು ತೆಗೆದು ಕಾವಿಗೆ ತಾಗಿಸಿ, ಅಷ್ಟೇ ಬೇಗ ಹಿಂದಕ್ಕೆಳೆದುಕೊಂಡಳು. ಅವಳು ಅವನ ಮನೆಯಲ್ಲಿ ಉಂಡವಳಲ್ಲ.

“ಇದು ಬೆಂಕಿ,” ಎಂದಳು. “ನಿನಗೆ ಸುಡುತ್ತಿಲ್ಲವೇ?”

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುತ್ತಾರೆ. ಶ್ರೀಕಂಠನಿಗೆ ಇಳಿಯುವುದಕ್ಕೂ ಜಾಗ ಕಾಣಲಿಲ್ಲ. ಒಂದು ಕಡೆ ಗಾಜಿನ ಕೋಣೆ, ಇನ್ನೊಂದು ಕಡೆ ಉರಿಯುವ ಅಂಗಾಲು. ಕೋಣೆ ಸೋತಿತು.

“ಸುಡುತ್ತಿದೆ,” ಎಂದ. “ತುಂಬಾ ಸುಡುತ್ತಿದೆ. ನಿಮಗೆ ಬೇಕಾದ್ದು ಮೂರನೇ ನಂಬರು.” ಅಷ್ಟು ಹೇಳಿ, ಪ್ಯಾಂಟು ತೊಟ್ಟ ಹಾಗೆಯೇ ಕೊಳದ ಮೆಟ್ಟಿಲಿಗಿಳಿದು ಮೊಣಕಾಲವರೆಗೆ ನೀರಿನಲ್ಲಿ ನಿಂತ. ಅಳು ಬಂತು. ಉರಿಗೋ, ನಾಚಿಕೆಗೋ, ತಂಪಿನ ಸುಖಕ್ಕೋ ಅವನಿಗೇ ತಿಳಿಯಲಿಲ್ಲ.

ಮೋಟೆಲಿಗೆ ಮೂರನೆಯದೇ ಹೋಯಿತು, ಮಾಸಲು ಮರಳಿನ ಬಣ್ಣದ್ದು. ಹಿಂತಿರುಗುವ ದಾರಿಯಲ್ಲಿ ಡೇಲ್ ನೂರು ಮೈಲಿ ಟ್ರಕ್ಕು ಓಡಿಸಿದ. ಆಮೇಲೆ ಹೇಳಿದ: “ನೀನು ತಪ್ಪು ಆರಿಸಿದ್ದಕ್ಕೆ ಬೇಸರವಿಲ್ಲ ಶ್ರೀ. ನಾನೂ ಆರಿಸಿದ್ದೇನೆ. ಸುಡುತ್ತದೆಯೇ ಎಂದು ಕೇಳಿದರೆ ಹಿತವಾಗಿದೆ ಅಂದೆಯಲ್ಲ, ಅಂಥವನನ್ನು ಆ ಕೋಣೆಯಲ್ಲಿ ಕೂರಿಸಿದರೆ ನಾನು ಯಾರನ್ನು ಕೇಳಲಿ?” ಶ್ರೀಕಂಠ ಪರವಾಗಿಲ್ಲ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡ. ಕೋಣೆ ಸ್ಟೀವ್‌ಗೆ ಹೋಯಿತು.

ಮನೆಯಲ್ಲಿ ಜಲಜಾ ಅವನ ಬೊಬ್ಬೆಯೆದ್ದ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಔಷಧಿ ಸವರುತ್ತ, “ಹೇಗಿದೆ?” ಎಂದಳು.

“ಉರೀತಿದೆ ಕಣೇ. ತಡೆಯೋಕಾಗ್ತಿಲ್ಲ.”

ಅವಳ ಕೈ ನಿಂತಿತು. ಹದಿನೈದು ವರ್ಷದಲ್ಲಿ ಕೇಳದ ಮಾತು. ಗಂಡನ ಬಾಯಿ ತೆರೆದಿರುವಾಗಲೇ ಕೇಳಿಬಿಡಬೇಕು ಎನಿಸಿತು. “ಹಾಗಾದ್ರೆ ಅವತ್ತು ನಿಮ್ಮ ಮಾವ ಕೇಳಿದಾಗ ಪರವಾಗಿಲ್ಲ ಅಂದ್ರಲ್ಲ. ಅದು?”

“ಅದೂ ಸುಳ್ಳೇ. ಅವತ್ತು ಮನೆಗೆ ಬಂದು ನಂಗೆ ಊಟ ಸೇರಲಿಲ್ಲ. ಅವಳೇ ಬೇಕು ಅನ್ನೋಕೆ ಬಾಯಿ ಬರಲಿಲ್ಲ.” ಆಮೇಲೆ ಶ್ರೀಕಂಠ, ನಿಜ ಹೇಳುವ ರುಚಿ ಹತ್ತಿದವನಂತೆ, “ನಿನ್ನ ಸಂಡಿಗೆಗೆ ಉಪ್ಪು ಜಾಸ್ತಿ,” ಎಂದ. “ಮೊದಲನೇ ವರ್ಷದಿಂದ.”

ಮೊದಲನೆಯ ಮಾತಿಗೆ ಕಣ್ಣು ತುಂಬಿಸಿಕೊಂಡಿದ್ದವಳು ಎರಡನೆಯದಕ್ಕೆ ಅವನ ಕಾಲನ್ನು ತೊಡೆಯಿಂದ ಕೆಳಗಿಳಿಸಿದಳು.

ಮುಂದಿನ ಬೇಸಿಗೆಯಲ್ಲಿ ಅವಳು ಕಾವಿ ಚಪ್ಪಡಿಯ ಮೇಲೆ ಉಪ್ಪು ತಗ್ಗಿಸಿ ಸಂಡಿಗೆ ಇಟ್ಟಳು. ಹಬ್ಬದ ಭಾನುವಾರ, ಊರಿಗೆ ಮರಳಿದ್ದ ಮರಿತಾಯಮ್ಮನವರೊಬ್ಬರನ್ನು ಬಿಟ್ಟು, ಅದೇ ಜನ ಬಂದರು. ಡಾಕ್ಟರ್ ಗುರುಪ್ರಸಾದರು, “ನಾವು ಆರಿಸಿದ್ದೇ ತಾನೇ ಆ ಮೋಟೆಲಿಗೆ ಹಾಕಿದ್ದು?” ಎಂದು ಕೇಳಿದರು. ಅಲ್ಲ, ಮರಿತಾಯಮ್ಮನವರು ಆರಿಸಿದ್ದು ಎಂದ ಶ್ರೀಕಂಠ. ಎಲ್ಲರೂ ಒಳ್ಳೆಯ ತಮಾಷೆಯೆಂದು ನಕ್ಕರು. ಜಲಜಾ ಸಂಡಿಗೆ ಬಡಿಸುತ್ತ ಅವನ ಎಲೆಯ ಮುಂದೆ ನಿಂತು, “ಹೇಗಿದೆ?” ಎಂದಳು.

ಅವನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದ.

“ಈ ಸಲ ಉಪ್ಪು ಸಾಲದು,” ಎಂದ.

ಪಂಕ್ತಿಯಲ್ಲಿದ್ದವರೆಲ್ಲ ಒಟ್ಟಿಗೆ, ಇಲ್ಲ ಇಲ್ಲ, ಬಹಳ ಚೆನ್ನಾಗಿದೆ, ಸರಿಯಾಗಿದೆ, ಇನ್ನೆರಡು ಹಾಕಿ ಎಂದರು. ಜಲಜಾ ಅವರಿಗೆಲ್ಲ ಇನ್ನೆರಡು ಹಾಕಿದಳು. ಮರುದಿನ ಬೆಳಗ್ಗೆ ಹೊಸ ಹಿಟ್ಟು ಕುದಿಸಿದಾಗ ಇನ್ನೊಂದು ಚಮಚ ಉಪ್ಪು ಹಾಕಿದಳು.